4ನೇ ತರಗತಿಯ ಆರು ಮಕ್ಕಳಿಗೆ ಓದಲು ಬರುವುದಿಲ್ಲ, ದಾಖಲೆಯಲ್ಲಿ ಏನು ಬರೆಯಲಿ?

ಮೇಡಂ, ನಿಮ್ಮ ಪ್ರಶ್ನೆ ಓದಿ ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮೂಡಿಗೆರೆ ತಾಲೂಕಿನ ಹಳ್ಳಿ ಶಾಲೆ, ಕೆಲಸಕ್ಕೆ ಸೇರಿ ಐದು ತಿಂಗಳು, ಓದಲು ಬಾರದ ಆರು ಮಕ್ಕಳು. ಜೊತೆಯವರು "ದಾಖಲೆ ಸರಿ ಇಟ್ಟುಬಿಡಿ, ಸಾಕು" ಅಂತಾರೆ. ಇದ್ದದ್ದು ಇದ್ದ ಹಾಗೆ ಬರೆದರೆ ಹೆಸರು ಕೆಡುತ್ತಾ, ಇಲ್ಲ ಇದನ್ನೆಲ್ಲ ಬಿಟ್ಟು ಬೆಂಗಳೂರಿನ ಖಾಸಗಿ ಶಾಲೆಗೆ ಹೋಗಲಾ ಅಂತ ಕೇಳಿದ್ದೀರಿ. ನಾನೂ ಅದೇ ತಾಲೂಕಿನಲ್ಲಿ ಇದೇ ಜಾಗದಲ್ಲಿ ಕೂತಿದ್ದೆ. ಆಗ ದಾಖಲೆ ಸರಿ ಇಟ್ಟೆ. ಅದರಿಂದ ನನಗೇನೂ ಆಗಲಿಲ್ಲ. ಆದದ್ದು ಒಂದು ಹುಡುಗಿಗೆ.

ನಾನು ಅರಸೀಕೆರೆ ಕಡೆಯವನು. ಡಿ.ಎಡ್. ಮುಗಿಸಿ 2008ರಲ್ಲಿ ಕೆಲಸ ಸಿಕ್ಕಾಗ ಕೊಟ್ಟಿಗೆಹಾರದ ಹತ್ತಿರದ ಒಂದು ಕಿರಿಯ ಪ್ರಾಥಮಿಕ ಶಾಲೆಗೆ ಹಾಕಿದರು. ನಮ್ಮೂರಲ್ಲಿ ಮಳೆ ಬಂದರೆ ಜನ ಜಗಲಿಗೆ ಬಂದು ನೋಡುತ್ತಾರೆ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್ ತನಕ ಬಿಡಲೇ ಇಲ್ಲ. ಒಂದರಿಂದ ಐದನೇ ತರಗತಿ, 41 ಮಕ್ಕಳು, ನಾವಿಬ್ಬರೇ ಮೇಷ್ಟ್ರು. ನಾಲ್ಕು, ಐದು ಮುಖ್ಯ ಶಿಕ್ಷಕರದ್ದು. ಒಂದು, ಎರಡು, ಮೂರು ಸೇರಿ ಒಂದೇ ಕೋಣೆ, 27 ಮಕ್ಕಳು, ನನ್ನದು.

ಆಗ ನಲಿ-ಕಲಿ ಬಂದ ಹೊಸತು. 1995ರಲ್ಲಿ ಎಚ್.ಡಿ. ಕೋಟೆ ತಾಲೂಕಿನಲ್ಲಿ ಶುರುವಾಗಿದ್ದ ಪದ್ಧತಿ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆಲ್ಲ ಬಂತು, ಮರುವರ್ಷ ಮೂರನೇ ತರಗತಿಯೂ ಸೇರಿತು. ಪಾಠಪುಸ್ತಕದ ಬದಲು ಕಾರ್ಡು. ಅ ಆ ಇ ಈ ಬದಲು ರ ಗ ಸ ದ ಅ. ಈ ಐದು ಅಕ್ಷರ ಕಲಿತರೆ ಮಗು ಅರಸ, ಸರ, ಗರಗಸ ಅಂತ ಓದಿಯೇ ಬಿಡುತ್ತದೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಕಾ ಏಣಿ ಹತ್ತಬೇಕು. ಯಾವ ಮಗು ಎಲ್ಲಿದೆ ಅಂತ ಮೇಷ್ಟ್ರು ಪ್ರಗತಿ ನೋಟದಲ್ಲಿ ಗುರುತು ಹಾಕುತ್ತಾ ಹೋಗಬೇಕು. ಆ ಪದ್ಧತಿಯ ಮೇಲೆ ನನಗೆ ಈಗಲೂ ನಂಬಿಕೆ ಇದೆ. ಆದರೆ ಅದೆಲ್ಲ ನಿಂತಿರುವುದು ಆ ಒಂದು ಗುರುತಿನ ಮೇಲೆ.

ಆ ಹುಡುಗಿ ಕಾಫಿ ಎಸ್ಟೇಟಿನ ಲೈನ್ ಮನೆಯಿಂದ, ಅಂದರೆ ಕೂಲಿಯವರ ಸಾಲು ಮನೆಯಿಂದ ಬರುತ್ತಿದ್ದಳು. ಮನೆಯಲ್ಲಿ ತಮಿಳು. ಅರಸ ಅಂದರೆ ಯಾರು, ಗರಗಸ ಅಂದರೆ ಏನು ಅಂತ ಅವಳಿಗೆ ಗೊತ್ತಿರಲಿಲ್ಲ. ಆದರೂ ಜಾಣೆ. ಹಾಡು ಒಂದು ಸಲ ಕೇಳಿದರೆ ಬಂತು. ಅಕ್ಷರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದಳು. ಬೋರ್ಡಿನ ಮೇಲೆ ಏನಿದ್ದರೂ ಅದು ಅವಳ ಸ್ಲೇಟಿನ ಮೇಲೆ ಹಾಗೇ ಇಳಿಯುತ್ತಿತ್ತು. ಯಾರು ನೋಡಲು ಬಂದರೂ ನಾನು ಮೊದಲು ತೋರಿಸುತ್ತಿದ್ದದ್ದು ಅವಳ ಸ್ಲೇಟನ್ನೇ.

ಮಳೆಗಾಲದಲ್ಲಿ ನಮ್ಮ ಕೋಣೆಯಲ್ಲಿ ಒಬ್ಬ ಮಗು ಓದಿದರೆ ಕೇಳಿಸುತ್ತಿರಲಿಲ್ಲ. ಮಾಡಿಗೆ ತಗಡಿನ ಶೀಟು. ಮಧ್ಯಾಹ್ನ ಮೂರಕ್ಕೇ ಕತ್ತಲು, ಕರೆಂಟು ಇಲ್ಲ. ಹಾಗಾಗಿ ಎಲ್ಲರನ್ನೂ ಹತ್ತಿರ ಕೂರಿಸಿಕೊಂಡು ಒಟ್ಟಿಗೆ ಓದಿಸುತ್ತಿದ್ದೆ. ಹತ್ತು ಮಕ್ಕಳು ಒಟ್ಟಿಗೆ ಓದಿದಾಗ ಹನ್ನೊಂದನೆಯವಳು ಓದುತ್ತಿದ್ದಾಳೋ, ಬರೀ ಬಾಯಿ ಆಡಿಸುತ್ತಿದ್ದಾಳೋ ಹೇಗೆ ಗೊತ್ತಾಗಬೇಕು? ಅವಳ ದನಿಯೇ ಎಲ್ಲರಿಗಿಂತ ಜೋರಾಗಿತ್ತು. ಅರ್ಧ ಕ್ಷಣ ತಡವಾಗಿ ಬರುತ್ತಿತ್ತು, ಅಷ್ಟೇ. ಆ ಅರ್ಧ ಕ್ಷಣ ನನಗೆ ಕೇಳಿಸಲೇ ಇಲ್ಲ.

ಅವಳು ಮೂರನೇ ತರಗತಿಗೆ ಬಂದ ವರ್ಷ, ನವೆಂಬರ್‌ನಲ್ಲಿ, ಬಿಸಿಲು ಬಿದ್ದ ಮೇಲೆ ಒಂದು ದಿನ ಅವಳೊಬ್ಬಳನ್ನೇ ಹತ್ತಿರ ಕೂರಿಸಿಕೊಂಡೆ. ಕಾರ್ಡು ಓದಿದಳು. ನನ್ನ ಹೆಬ್ಬೆರಳು ಸುಮ್ನೆ ಚಿತ್ರದ ಮೇಲೆ ಬಿದ್ದಿತ್ತು. ಓದು ನಿಂತುಹೋಯಿತು. ಬೆರಳು ತೆಗೆದೆ, ಓದಿದಳು. ಮತ್ತೆ ಮುಚ್ಚಿದೆ, ನನ್ನ ಮುಖ ನೋಡಿದಳು. ಅವಳು ಎರಡು ವರ್ಷದಿಂದ ಚಿತ್ರ ಓದುತ್ತಿದ್ದಳು.

ಇಲ್ಲಿಯ ತನಕ ಆದದ್ದನ್ನು ತಪ್ಪು ಅನ್ನಲಾರೆ. ಹೊಸ ಮೇಷ್ಟ್ರು, ಮಳೆ, ಮೂರು ತರಗತಿ. ಗೊತ್ತಾದ ಮೇಲೆ ನಾನು ಮಾಡಿದ್ದು ತಪ್ಪು. ಮೊದಲಿನಿಂದ ಶುರು ಮಾಡಿದೆ. ಒಂದು ತಿಂಗಳು ಚೆನ್ನಾಗಿ ನಡೆಯಿತು, ಹತ್ತು ಹನ್ನೆರಡು ಅಕ್ಷರ ಗಟ್ಟಿಯಾಯಿತು. ಅಷ್ಟರಲ್ಲಿ ಕಾಫಿ ಕೊಯ್ಲು ಬಂತು. ಅಪ್ಪ ಅಮ್ಮ ಹಣ್ಣು ಕೊಯ್ಯಲು ಹೋದರೆ ತಮ್ಮನನ್ನು ನೋಡುವವರು ಯಾರು? ಆರು ವಾರ ಬರಲಿಲ್ಲ. ಫೆಬ್ರವರಿ ಕೊನೆಗೆ ಬಂದಾಗ ಆ ಅಕ್ಷರಗಳಲ್ಲಿ ಅರ್ಧ ಹೋಗಿತ್ತು. ಅದೇ ವಾರ ಶಾಲೆ ನೋಡಲು ಮೇಲಿನವರು ಬರುತ್ತಾರೆ ಅಂತ ಸುದ್ದಿ ಬಂತು. "ಮೂರನೇ ತರಗತಿದು ಎಲ್ಲ ಪೂರ್ತಿ ಇರಲಿ, ಒಂದು ಮಗು ಹಿಂದೆ ಬಿದ್ದರೆ ನೂರು ವಿವರಣೆ ಕೇಳ್ತಾರೆ" ಅಂದರು ಮುಖ್ಯ ಶಿಕ್ಷಕರು.

ಆ ರಾತ್ರಿ ಬಾಡಿಗೆ ಕೋಣೆಯಲ್ಲಿ ಮೇಣದಬತ್ತಿ ಹಚ್ಚಿ ಪ್ರಗತಿ ನೋಟ ತುಂಬಲು ಕೂತೆ. ಬೇರೆ ಮಕ್ಕಳದ್ದು ಮುಗಿಯಿತು. ಅವಳ ಸಾಲು ಬಂತು. ಖಾಲಿ ಮನೆಗಳು. ಕೈ ಒಂದು ನಿಮಿಷ ನಿಂತಿತು. ಆಮೇಲೆ ಹಾಕುತ್ತಾ ಹೋದೆ, ಟಿಕ್, ಟಿಕ್, ಟಿಕ್. ನಾನು ಆಗ ನನಗೇ ಹೇಳಿಕೊಂಡ ಮಾತು ಇನ್ನೂ ನೆನಪಿದೆ. ಈಗ ತುಂಬಿರೋಣ, ಏಪ್ರಿಲ್ ಒಳಗೆ ಕಲಿಸಿಬಿಡೋಣ. ಮೇಡಂ, ಈ ಮಾತು ನಿಮ್ಮ ತಲೆಯಲ್ಲೂ ಬರುತ್ತದೆ. ಬಂದ ಕೂಡಲೇ ಪೆನ್ನು ಕೆಳಗಿಡಿ. ಟಿಕ್ ಹಾಕಿದ ಮೇಲೆ ಯಾವ ಮೇಷ್ಟ್ರೂ ಹಿಂದೆ ಹೋಗಿ ಕಲಿಸುವುದಿಲ್ಲ. ನಾನೂ ಕಲಿಸಲಿಲ್ಲ. ಆ ಸಾಲು ಮುಗಿದುಹೋಗಿತ್ತು, ಕಣ್ಣು ಖಾಲಿ ಮನೆ ಇರುವ ಮಕ್ಕಳ ಕಡೆಗೇ ಹೋಗುತ್ತಿತ್ತು.

ಜೂನ್‌ನಲ್ಲಿ ಅವಳು ನಾಲ್ಕನೇ ತರಗತಿಗೆ ಹೋದಳು. ಅಲ್ಲಿ ಕಾರ್ಡಿಲ್ಲ, ಪುಸ್ತಕ. ಮುಖ್ಯ ಶಿಕ್ಷಕರು ಕೆಟ್ಟ ಮನುಷ್ಯರಲ್ಲ. ಆದರೆ ಅವರ ಹತ್ತಿರ ಇದ್ದದ್ದು ನನ್ನ ದಾಖಲೆ. ದಾಖಲೆಯ ಪ್ರಕಾರ ಅವಳಿಗೆ ಓದಲು ಬರುತ್ತಿತ್ತು. ಹಾಗಾದರೆ ಓದದೆ ಇರುವುದು ಸೋಮಾರಿತನ, ಅಲ್ವಾ? ಅವರು ಹಾಗೇ ತಿಳಿದರು. ನಮ್ಮ ಎರಡು ಕೋಣೆಗಳ ನಡುವಿನ ಗೋಡೆ ಅರ್ಧಕ್ಕೆ ನಿಂತಿತ್ತು, ಆ ಕಡೆ ಮಾತಾಡಿದ್ದೆಲ್ಲ ಈ ಕಡೆ ಕೇಳುತ್ತಿತ್ತು. "ಮೂರನೇ ಕ್ಲಾಸಲ್ಲಿ ಓದ್ತಿದ್ದೆ, ಈಗೇನಾಯ್ತು ನಿಂಗೆ?" ಇದನ್ನು ನಾನು ಒಂದು ವರ್ಷ ಕೇಳಿದೆ. ಒಂದೇ ಒಂದು ದಿನ ಆ ಕೋಣೆಗೆ ಹೋಗಿ "ಸಾರ್, ಅವಳಿಗೆ ಮೊದಲೂ ಬರ್ತಿರಲಿಲ್ಲ, ನಾನು ಸುಳ್ಳು ಬರೆದೆ" ಅನ್ನಲಿಲ್ಲ. ಬಾಯಿ ಬರಲಿಲ್ಲ. ಟಿಕ್ ಹಾಕಿದ್ದು ಒಂದು ರಾತ್ರಿ. ಅದನ್ನು ಕಾಯ್ದದ್ದು ಎರಡು ವರ್ಷ, ಅವಳು ಐದನೇ ತರಗತಿ ಮುಗಿಸಿ ಹೋಗುವ ತನಕ. ನನ್ನ ತಪ್ಪು ಯಾವುದು ಅಂತ ಕೇಳಿದರೆ ಈ ಎರಡು ವರ್ಷವನ್ನೇ ತೋರಿಸುತ್ತೇನೆ.

ಇನ್ನೊಂದು ಮಾತು ಸೇರಿಸಬೇಕು. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಎಂಟನೇ ತರಗತಿ ಮುಗಿಯುವ ತನಕ ಯಾರನ್ನೂ ಫೇಲ್ ಮಾಡುವ ಹಾಗಿರಲಿಲ್ಲ. ನಮ್ಮಲ್ಲಿ ಅನೇಕರು ಆ ನಿಯಮವನ್ನು ಈಗಲೂ ಬೈಯುತ್ತಾರೆ. ನಾನು ಬೈಯುವುದಿಲ್ಲ. ಅವಳನ್ನು ಮೂರನೇ ತರಗತಿಯಲ್ಲೇ ಕೂರಿಸಿದ್ದರೆ ಆ ವರ್ಷವೇ ಶಾಲೆ ಬಿಡುತ್ತಿದ್ದಳು. ಆದರೆ ಫೇಲ್ ಇಲ್ಲದ ಕಡೆ, ಈ ಮಗುವಿಗೆ ಬರುತ್ತಿಲ್ಲ ಅಂತ ಮುಂದಿನವರಿಗೆ ಹೇಳುವುದಕ್ಕೆ ದಾಖಲೆ ಬಿಟ್ಟು ಬೇರೆ ಏನೂ ಇಲ್ಲ. ಅದೇ ಕಾಯ್ದೆಯ 24ನೇ ಸೆಕ್ಷನ್ ತೆಗೆದು ನೋಡಿ. ಪ್ರತಿ ಮಗುವಿಗೆ ಎಷ್ಟು ಬರುತ್ತದೆ ಅಂತ ನೋಡಿ, ಬೇಕಾದರೆ ಹೆಚ್ಚಿನ ಪಾಠ ಹೇಳಿಕೊಡುವುದು ಶಿಕ್ಷಕರ ಕರ್ತವ್ಯ ಅಂತ ಇದೆ. ನಾನು ಟಿಕ್ ಹಾಕಿ ಅವಳಿಗೆ ಸಿಗಬೇಕಿದ್ದ ಆ ಹೆಚ್ಚಿನ ಪಾಠವನ್ನೇ ಕಿತ್ತುಕೊಂಡೆ.

ಆರನೇ ತರಗತಿಗೆ ನಾಲ್ಕು ಕಿಲೋಮೀಟರ್ ದೂರದ ಹಿರಿಯ ಪ್ರಾಥಮಿಕ ಶಾಲೆ. ಏಳನೇ ತರಗತಿಯ ಮಧ್ಯದಲ್ಲಿ ಬಿಟ್ಟಳು ಅಂತ ಕೇಳಿದೆ.

2022ರ ಜನವರಿಯಲ್ಲಿ ಬಣಕಲ್ ಬಸ್‌ಸ್ಟ್ಯಾಂಡಿನಲ್ಲಿ "ಸಾರ್" ಅಂತ ಯಾರೋ ಕರೆದರು. ಅವಳೇ. ಮದುವೆಯಾಗಿತ್ತು. ಕೊಯ್ಲಿನ ಕೆಲಸ ಮುಗಿಸಿ ಬಂದಿದ್ದಳು, ಬೆರಳುಗಳೆಲ್ಲ ಕಪ್ಪಾಗಿದ್ದವು. ನನ್ನ ಮನೆ, ಮಕ್ಕಳ ಬಗ್ಗೆ ವಿಚಾರಿಸಿದಳು. ಆಮೇಲೆ ಬ್ಯಾಗಿನಿಂದ ಮಡಿಸಿದ ಕಾಗದ ತೆಗೆದು "ಇದ್ರಲ್ಲಿ ಏನು ಬರ್ದಿದ್ದಾರೆ ನೋಡಿ ಸಾರ್" ಅಂದಳು. ಎಸ್ಟೇಟಿನಲ್ಲಿ ಅಡ್ವಾನ್ಸ್ ತೆಗೆದುಕೊಂಡಾಗ ಅಲ್ಲಿಯ ಲೆಕ್ಕ ಬರೆಯುವ ರೈಟರ್ ಬರೆಸಿಕೊಂಡ ಕಾಗದದ ನಕಲು. ಕೆಳಗೆ ಅವಳ ಸಹಿ. ಅದೇ ಮುತ್ತಿನಂಥ ಅಕ್ಷರ. ಓದಿ ಹೇಳಿದೆ. ಮೋಸ ಏನೂ ಇರಲಿಲ್ಲ, ಅವಳು ತೆಗೆದುಕೊಂಡಷ್ಟೇ ಹಣ, ಸೀಸನ್ ಮುಗಿಯುವುದರೊಳಗೆ ತೀರಿಸಬೇಕು ಅಂತ ಮಾತ್ರ ಇತ್ತು. ಆದರೆ ಮೋಸ ಇದೆಯೋ ಇಲ್ಲವೋ ತಿಳಿಯೋಕೆ ಆ ಕಾಗದವನ್ನು ಎಷ್ಟು ದಿನದಿಂದ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳೋ. "ಥ್ಯಾಂಕ್ಸ್ ಸಾರ್" ಅಂದಳು. ಬಸ್ಸು ಹತ್ತುವ ಮೊದಲು ಬೋರ್ಡು ತೋರಿಸಿ "ಇದೇ ಅಲ್ವಾ" ಅಂತ ಇನ್ನೊಂದು ಸಲ ಕೇಳಿದಳು.

ಆ ವರ್ಷದಿಂದ ನಾನು ಇದ್ದದ್ದನ್ನೇ ಬರೆಯುತ್ತಿದ್ದೇನೆ. ಕೋವಿಡ್ ಆದ ಮೇಲೆ 2022-23ನ್ನು ಸರ್ಕಾರವೇ ಕಲಿಕಾ ಚೇತರಿಕೆ ವರ್ಷ ಅಂತ ಮಾಡಿತ್ತು. ಮಕ್ಕಳು ಎಲ್ಲಿದ್ದಾರೋ ಅಲ್ಲಿಂದ ಶುರು ಮಾಡಿ ಅಂತ ಸೂಚನೆ ಇತ್ತು. ನನ್ನ ಐದನೇ ತರಗತಿಯ 18 ಮಕ್ಕಳಲ್ಲಿ ಏಳು ಮಕ್ಕಳಿಗೆ ಓದಲು ಬರುವುದಿಲ್ಲ ಅಂತ ಬರೆದುಕೊಟ್ಟೆ. ನೀವು ಹೆಸರು ಕೆಡುತ್ತದಾ ಅಂತ ಕೇಳಿದ್ದೀರಲ್ಲ, ಕೆಡುತ್ತದೆ. ಸಭೆಯಲ್ಲಿ ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿದರು. "ಬೇರೆ ಶಾಲೆಯಲ್ಲೆಲ್ಲ ಬರುತ್ತೆ, ನಿಮ್ಮಲ್ಲಿ ಮಾತ್ರ ಬರಲ್ವಾ?" ಅಂದರು. ಸುಮ್ಮನೆ ನಿಂತಿದ್ದೆ. ಟೀ ಕುಡಿಯುವಾಗ ಇಬ್ಬರು ಮೇಷ್ಟ್ರು ಪಕ್ಕಕ್ಕೆ ಬಂದು "ನಮ್ಮಲ್ಲೂ ಹಾಗೇ ಇದೆ" ಅಂದರು. ಮುಂದಿನ ವಾರ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಬಂದು ಮಾರ್ಗದರ್ಶನ ಮಾಡುವವರು) ಬಂದು, ಯಾವ ಪುಸ್ತಕವನ್ನೂ ಕೇಳದೆ, ಆ ಏಳು ಮಕ್ಕಳ ಜೊತೆ ಒಂದು ಗಂಟೆ ಕೂತರು. ಅಷ್ಟು ವರ್ಷದ ಕೆಲಸದಲ್ಲಿ ಹಾಗೆ ಕೂತವರನ್ನು ನೋಡಿದ್ದು ಅದೇ ಮೊದಲು. ಮಾರ್ಚ್ ಹೊತ್ತಿಗೆ ಏಳರಲ್ಲಿ ಐದು ಮಕ್ಕಳು ಓದುತ್ತಿದ್ದರು. ಉಳಿದ ಇಬ್ಬರ ಹೆಸರು ಬರೆದು ಆರನೇ ತರಗತಿಯ ಮೇಡಂ ಕೈಗೆ ಕೊಟ್ಟೆ.

ಬೆಂಗಳೂರಿನ ಮಾತು ಬಿಡಿ. ಅಲ್ಲೂ ಅಂಕಪಟ್ಟಿ ಇದೆ, ಅಲ್ಲೂ ತುಂಬಿಬಿಡಿ ಅನ್ನುವವರು ಇದ್ದಾರೆ. ಕೆಲಸದ ಹೊರೆ ಜಾಸ್ತಿ ಅಂತ ಬಿಡುವುದಾದರೆ ಅದು ಬೇರೆ ವಿಷಯ. ಹೊರೆ ಇದೆ, ನಾನು ಇಲ್ಲ ಅನ್ನುವುದಿಲ್ಲ. ಬಿಸಿಯೂಟದ ಲೆಕ್ಕ, ಹಾಲಿನ ಪುಡಿ ಲೆಕ್ಕ, ಮಕ್ಕಳ ಮಾಹಿತಿ ಕಂಪ್ಯೂಟರಿಗೆ ತುಂಬುವ ಎಸ್‌ಎಟಿಎಸ್, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ. 2025ರ ದಸರಾ ರಜೆ ಪೂರ್ತಿ ಮನೆಮನೆ ಸಮೀಕ್ಷೆಗೆ ಹೋಯಿತು. ಆ ಕಾಗದಗಳನ್ನು ಬೇಗ ಬೇಗ ಮುಗಿಸಿ, ತಪ್ಪಿಲ್ಲ. ಮಗುವಿನ ಕಲಿಕೆಯ ದಾಖಲೆಯನ್ನು ಮಾತ್ರ ಆ ರಾಶಿಗೆ ಸೇರಿಸಬೇಡಿ. "ದಾಖಲೆ ಮೊದಲೋ ಪಾಠ ಮೊದಲೋ" ಅಂತ ನೀವು ಕೇಳಿದ್ದೇ ನನಗೆ ಒಪ್ಪಿಗೆಯಾಗಲಿಲ್ಲ. ಈ ಒಂದು ದಾಖಲೆ ಪಾಠದ ಭಾಗ. ಇದು ಸುಳ್ಳಾದರೆ ನಾಳೆ ಯಾರಿಗೆ ಏನು ಹೇಳಿಕೊಡಬೇಕು ಅಂತ ನಿಮಗೇ ಗೊತ್ತಿರುವುದಿಲ್ಲ.

ಈಗ ಆ ಆರು ಮಕ್ಕಳು. ಅವರನ್ನು ಒಂದೇ ಗುಂಪು ಮಾಡಬೇಡಿ. ಒಬ್ಬನಿಗೆ ಅಕ್ಷರವೇ ಬಂದಿರುವುದಿಲ್ಲ. ಒಬ್ಬಳಿಗೆ ಅಕ್ಷರ ಬರುತ್ತದೆ, ಕಾಗುಣಿತದಲ್ಲಿ ಕಿ, ಕೀ ಬಂದ ಕೂಡಲೇ ನಿಲ್ಲುತ್ತಾಳೆ. ಇನ್ನೊಬ್ಬನಿಗೆ ಒತ್ತಕ್ಷರ ಮಾತ್ರ ತೊಡಕು, ಅವನು ಎರಡು ತಿಂಗಳಲ್ಲಿ ದಾಟುತ್ತಾನೆ. ಬೆಳಿಗ್ಗೆ ಹಾಲು ಕುಡಿದಾದ ಮೇಲೆ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ, ದಿನಕ್ಕೆ ಇಬ್ಬರು, ಒಬ್ಬೊಬ್ಬರಾಗಿ. ಅವರು ಬಾಯಲ್ಲಿ ಹೇಳಿದ ಒಂದು ವಾಕ್ಯವನ್ನು ನೀವು ಬರೆಯಿರಿ, ಅದನ್ನೇ ಓದಿಸಿ. "ನಿನ್ನೆ ನಮ್ಮ ತೋಟಕ್ಕೆ ಆನೆ ಬಂದಿತ್ತು" ಅಂತ ತಾನೇ ಹೇಳಿದ್ದನ್ನು ಓದುವಾಗ ಮಗು ತಡವರಿಸುವುದು ಕಡಿಮೆ. ಮನೆಯಲ್ಲಿ ಬೇರೆ ಭಾಷೆ ಇದ್ದರೆ ಆ ಪದವನ್ನೂ ಬರೆಯಿರಿ, ಕನ್ನಡ ಅಕ್ಷರದಲ್ಲೇ. ಕೊಯ್ಲು ಶುರುವಾಗುವ ಮೊದಲು ಲೈನ್ ಮನೆಗೆ ಒಂದು ಸಲ ಹೋಗಿ ಬನ್ನಿ. ಚಿಕ್ಕ ಮಗುವನ್ನು ಅಂಗನವಾಡಿಗೆ ಬಿಡುವ ವ್ಯವಸ್ಥೆ ಮಾಡಿದರೆ ಅಕ್ಕ ಶಾಲೆಗೆ ಬರುತ್ತಾಳೆ. ಇದನ್ನು 2011ರಲ್ಲಿ ನನಗೆ ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ದಾಖಲೆಗೆ ಕೈ ಹಾಕುವ ಮೊದಲು ನಾಳೆ ಒಂದು ಕೆಲಸ ಮಾಡಿ. ಓದಲು ಬರುತ್ತದೆ ಅಂತ ನೀವು ಅಂದುಕೊಂಡಿರುವ ಮಕ್ಕಳನ್ನೂ ಒಬ್ಬೊಬ್ಬರಾಗಿ ಕರೆಯಿರಿ. ಪಾಠದ ಚಿತ್ರದ ಮೇಲೆ ಕೈಯಿಟ್ಟು, ಅವರು ಯಾವತ್ತೂ ನೋಡಿರದ ಪುಟ ಓದಿಸಿ. ನಿಮ್ಮ ಲೆಕ್ಕ ಆರು ಅಂತ ಇದೆ. ಒಂಬತ್ತು ಆಗಬಹುದು, ಹತ್ತು ಆಗಬಹುದು. ಎಷ್ಟು ಬಂತೋ ಅಷ್ಟನ್ನೇ ಬರೆಯಿರಿ.