ರೊಟ್ಟಿ-ಹಾಲು ಬಿಡಿಸುವಾಗ

ಪ್ರಶ್ನೆ: ನಮ್ಮ ನಾಯಿಗೆ ಮೊದಲಿನಿಂದಲೂ ಜೋಳದ ರೊಟ್ಟಿ, ಹಾಲು. ಪ್ಯಾಕೆಟ್ ಆಹಾರ ಹಾಕಿದ ಮರುದಿನವೇ ಭೇದಿ ಹತ್ತಿತು. ಏನು ಮಾಡಬೇಕ್ರಿ?
– ಓದುಗರೊಬ್ಬರು, ಗದಗ

ಉತ್ತರ: ಒಮ್ಮೆಲೇ ಬದಲಿಸಿದ್ದೇ ಕಾರಣವಿರಬೇಕು, ಕರುಳಿನ ಸೂಕ್ಷ್ಮಾಣುಗಳು ಒಗ್ಗಿಕೊಳ್ಳಲು ವಾರವಾದರೂ ಬೇಕು. ಭೇದಿ ನಿಲ್ಲುವ ತನಕ ಹಾಲು ಬಿಟ್ಟು ಹಳೆಯ ಊಟವನ್ನೇ ಕೊಡಿ. ಬೆಳೆದ ಎಷ್ಟೋ ನಾಯಿಗಳಿಗೆ ಹಾಲು ಅರಗುವುದಿಲ್ಲ. ಆಮೇಲೆ 2 ದಿನ ಕಾಲು ಪಾಲು ಹೊಸದು, 2 ದಿನ ಅರ್ಧ, 2 ದಿನ ಮುಕ್ಕಾಲು, 7ನೇ ದಿನ ಪೂರ್ತಿ. ಪ್ಯಾಕೆಟ್ ಆಹಾರವನ್ನು ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ರೊಟ್ಟಿ ಚೂರಿನ ಜೊತೆ ಚೆನ್ನಾಗಿ ಕಲಸಿ. ಬಿಡಿಬಿಡಿಯಾಗಿ ಹಾಕಿದರೆ ರೊಟ್ಟಿಯನ್ನಷ್ಟೇ ಆರಿಸಿ ತಿಂದು ಉಳಿದದ್ದನ್ನು ಬಿಡುತ್ತದೆ. ಮಲ ತೆಳುವಾದರೆ ಹಿಂದಿನ ಪ್ರಮಾಣಕ್ಕೆ ಬನ್ನಿ. ಮಲದಲ್ಲಿ ರಕ್ತ ಕಂಡರೆ, ವಾಂತಿಯಾದರೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಬೆಕ್ಕು ಸಾಕಿದವರೂ ಇದನ್ನೇ ಪಾಲಿಸಬಹುದು. ಆದರೆ ‘ಹಸಿದರೆ ತಾನೇ ತಿಂತದ’ ಎಂದು ಮಾತ್ರ ಬಿಡಲೇಬೇಡಿ. ಇಡೀ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಿ. ಉಪವಾಸ ಬಿದ್ದ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ.