ಎದುರು ಮನೆಯ ಗೇಟು, ದಿಲ್ಲಿಯ ಪಟ್ಟಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಇನ್‌ಲ್ಯಾಂಡ್ ಲೆಟರ್ ಬಂತು. ಜಾಗ ಸಾಲದೆ ಮಡಿಕೆಯ ಮೇಲೂ ಬರೆದಿದ್ದೀರಿ. ಬಿಡಿಸುವಾಗ ಅಂಟಿನ ಕಡೆ ಹರಿದು ಎರಡು ಪದ ಹೋದವು. ಹಿಂದುಮುಂದಿನ ಸಾಲು ನೋಡಿದರೆ ಅವು ನನ್ನನ್ನು ಬೈದ ಪದಗಳೇ ಇರಬೇಕು. ಇರಲಿ.

ಬೇರೆ ಓದುಗರಿಗಾಗಿ ಕಾಗದದ ಸಾರ ಹೇಳಿಬಿಡುತ್ತೇನೆ. ಬರೆದವರು ತುಮಕೂರಿನ ನಿವೃತ್ತ ಹೈಸ್ಕೂಲು ಮೇಷ್ಟ್ರು. ಅವರ ಎದುರು ಮನೆಯವರು ರಾಟ್‌ವೀಲರ್ ಅನ್ನೋ ದೊಡ್ಡ ಜಾತಿಯ ವಿದೇಶಿ ನಾಯಿ ತಂದಿದ್ದಾರೆ. ಗೇಟಿನ ಚಿಲಕ ಕೂರುವುದಿಲ್ಲ. ಒಂದು ಕಲ್ಲು ಒತ್ತರಿಸಿ ಇಟ್ಟಿರುತ್ತಾರೆ, ಅಷ್ಟೇ. ನಾಯಿ ಎರಡು ಸಲ ಕಲ್ಲು ತಳ್ಳಿಕೊಂಡು ಬೀದಿಗೆ ಬಂದಿದೆ. ಮೂರನೇ ಕ್ಲಾಸಿನ ಮೊಮ್ಮಗಳು ಸೈಕಲ್ ಓಡಿಸುವುದನ್ನೇ ಬಿಟ್ಟಿದ್ದಾಳೆ. ‘ಕೇಂದ್ರ ಸರ್ಕಾರ 23 ತಳಿಗಳನ್ನು ನಿಷೇಧಿಸಿತ್ತು. ನಮ್ಮ ಹೈಕೋರ್ಟೇ ಅದನ್ನು ರದ್ದು ಮಾಡಿತು. ನೀವು ಕಳೆದ ಸಂಚಿಕೆಯಲ್ಲಿ ಆ ತೀರ್ಪು ಸರಿ ಎಂದು ಬರೆದಿರಿ. ನಿಮಗೆ ನಾಯಿ ಮುಖ್ಯವೋ, ಮಗು ಮುಖ್ಯವೋ? ಇಂಗ್ಲೆಂಡಿನಲ್ಲೇ ನಿಷೇಧ ಇರುವಾಗ ನಮಗೇನು ಧಾಡಿ?’ ಇದು ಅವರ ಪ್ರಶ್ನೆ.

ಮಗು ಮುಖ್ಯ ಮೇಷ್ಟ್ರೇ. ಅದರಲ್ಲಿ ನನಗೂ ನಿಮಗೂ ಜಗಳ ಇಲ್ಲ. ಎಂಟನೇ ವಯಸ್ಸಿನಲ್ಲಿ ನನ್ನ ಮೀನಖಂಡಕ್ಕೆ ನಾಯಿ ಬಾಯಿ ಹಾಕಿತ್ತು. ಆ ಗುರುತು ಇನ್ನೂ ಇದೆ. ಆಗ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಕೊಡುತ್ತಿದ್ದ ಕಾಲ. ನಾಲ್ಕನೇ ದಿನದಿಂದ ಅಪ್ಪ ನನ್ನನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋಗಬೇಕಾಯ್ತು, ನಡೆದು ಬರಲು ನಾನು ಒಪ್ಪುತ್ತಿರಲಿಲ್ಲ. ನಾಯಿ ಭಯ ಅಂದರೆ ಏನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕಚ್ಚಿದ್ದು ಯಾವ ವಿದೇಶಿ ನಾಯಿಯೂ ಅಲ್ಲ. ನಮ್ಮ ಬೀದಿಯ ಒಬ್ಬರು ಎರಡು ಅಡಿ ಸರಪಳಿಯಲ್ಲಿ ಹಗಲಿಡೀ ಕಟ್ಟಿಹಾಕುತ್ತಿದ್ದ ಕಂದು ಬಣ್ಣದ ಊರನಾಯಿ. ಅವತ್ತು ಸರಪಳಿ ಕಿತ್ತುಬಂದಿತ್ತು.

ಈಗ ಆ 23ರ ಪಟ್ಟಿಗೆ ಬರೋಣ. ಅದನ್ನು ಪೂರ್ತಿ ಓದಿದವರು ಕಡಿಮೆ. ನಾನು ಪೆನ್ಸಿಲ್ ಹಿಡಿದು ಓದಿದೆ. ನೀವು ಹಳೇ ಪರೀಕ್ಷಕರು, ನಿಮಗೂ ಕಣ್ಣು ಕುಕ್ಕುತ್ತಿತ್ತು.

ಕೇಂದ್ರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಒಂದು ಸುತ್ತೋಲೆ ಕಳಿಸಿತು. ಈ ನಾಯಿಗಳ ಆಮದು, ಮಾರಾಟ, ಮರಿ ಮಾಡಿಸುವುದು, ಸಾಕುವುದು, ಯಾವುದಕ್ಕೂ ಲೈಸೆನ್ಸ್ ಕೊಡಬೇಡಿ ಎಂದಿತು. ಈಗಾಗಲೇ ಮನೆಯಲ್ಲಿರುವವಕ್ಕೆ ಮರಿಯಾಗದಂತೆ ಆಪರೇಷನ್ ಮಾಡಿಸಿ ಎಂದಿತು. ಪಟ್ಟಿಯಲ್ಲಿ ‘ಟೋಸಾ ಇನು’ ಇದೆ. ಸ್ವಲ್ಪ ಕೆಳಗೆ ಹೋದರೆ ‘ಜಪಾನೀಸ್ ಟೋಸಾ’ ಇದೆ. ಎರಡೂ ಒಂದೇ ನಾಯಿ! ‘ಬೋರ್‌ಬೋಲ್’ ಒಂದು ಕಡೆ, ‘ಮ್ಯಾಸ್ಟಿಫ್’ ಪಕ್ಕದ ಆವರಣದಲ್ಲಿ ಅದೇ ಹೆಸರು ಬೇರೆ ಕಾಗುಣಿತದಲ್ಲಿ ಮತ್ತೊಂದು ಕಡೆ. ಇನ್ನೂ ಕೆಳಗೆ ‘ಟೆರಿಯರ್‌ಗಳು’ ಅಂತ ಒಂದೇ ಒಂದು ಪದ. ಯಾವ ಟೆರಿಯರ್? ಮಡಿಲಲ್ಲಿ ಕೂರಿಸಿಕೊಂಡು ತಲೆಗೆ ರಿಬ್ಬನ್ ಕಟ್ಟುವ ಯಾರ್ಕ್‌ಷೈರ್ ಟೆರಿಯರ್ ಕೂಡ ಟೆರಿಯರೇ. ಮೂರು ಕೆ.ಜಿ. ತೂಗುತ್ತದೆ. ಬೋಸ್ನಿಯಾ, ಕ್ರೊಯೇಷಿಯಾ ಬೆಟ್ಟಗಳಲ್ಲಿ ಕುರಿ ಕಾಯುವ ಟೊರ್ನ್ಯಾಕ್ ಕೂಡ ಪಟ್ಟಿಯಲ್ಲಿದೆ. ಕಂಗಾಲ್, ಅಕ್‌ಬಾಶ್ ಇವೆ, ಟರ್ಕಿಯಲ್ಲಿ ನಮ್ಮ ಕುರಿಹಟ್ಟಿಯ ನಾಯಿ ಮಾಡುವ ಕೆಲಸವನ್ನೇ ಮಾಡುತ್ತವೆ. ತುಮಕೂರಿನಲ್ಲಿ ಎಷ್ಟು ಟೊರ್ನ್ಯಾಕ್ ನೋಡಿದ್ದೀರಿ?

ಇದು ನಾಯಿ ಗೊತ್ತಿದ್ದವರು ಕೂತು ಬರೆದ ಪಟ್ಟಿ ಅಂತ ನನಗೆ ಅನ್ನಿಸಲಿಲ್ಲ. ದಿಲ್ಲಿ ಹೈಕೋರ್ಟು 2023ರ ಡಿಸೆಂಬರ್‌ನಲ್ಲಿ, ಈ ಬಗ್ಗೆ ಮೂರು ತಿಂಗಳಲ್ಲಿ ಒಂದು ತೀರ್ಮಾನ ಮಾಡಿ ಎಂದಿತ್ತು. ಮೂರು ತಿಂಗಳು ಮುಗಿಯುವ ಹೊತ್ತಿಗೆ ಸುತ್ತೋಲೆ ಹೊರಬಿತ್ತು. ಕೊನೇ ಗಂಟೆಯಲ್ಲಿ ಅಡಿಷನಲ್ ಶೀಟ್ ತುಂಬಿಸುವ ಹುಡುಗರನ್ನು ನೀವು ನೋಡಿದ್ದೀರಲ್ಲ, ಹಾಗೆ.

ಆ ಸುದ್ದಿ ಪೇಪರಿನಲ್ಲಿ ಬಂದು ಮೂರ್ನಾಲ್ಕು ದಿನ ಆಗಿತ್ತು. ನಮ್ಮ ಬೆಕ್ಕಿಗೆ ಲಸಿಕೆ ಹಾಕಿಸಲು ಒಂದು ಕ್ಲಿನಿಕ್ಕಿನಲ್ಲಿ ಕೂತಿದ್ದೆ. ನನ್ನ ಮುಂದಿನ ಸರದಿ ಒಬ್ಬ ಕಾಲೇಜು ಹುಡುಗನದು. ಅವನ ನಾಯಿಗೆ ಪಟ್ಟಿಯಲ್ಲಿದ್ದ ಪಿಟ್‌ಬುಲ್ ಥರ ಅಗಲ ತಲೆ, ಗಿಡ್ಡ ಕೂದಲು, ಎದೆ ಮೇಲೆ ಬಿಳಿ ಮಚ್ಚೆ. ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ ಗಡಗಡ ನಡುಗುತ್ತಿತ್ತು, ಬಾಲ ಹೊಟ್ಟೆಗೆ ಅಂಟಿತ್ತು. ಡಾಕ್ಟರು ಲಸಿಕೆ ಪುಸ್ತಕ ತೆರೆದು ‘ತಳಿ’ ಅನ್ನೋ ಕಡೆ ಪೆನ್ನಿಟ್ಟರು. ‘ಸರ್, ಲ್ಯಾಬ್ರಡಾರ್ ಕ್ರಾಸ್ ಅಂತ ಬರೀರಿ ಸರ್’ ಅಂದ ಹುಡುಗ. ಡಾಕ್ಟರು ಅವನ ಮುಖ ನೋಡಿದರು, ನಾಯಿ ಮುಖ ನೋಡಿದರು. ಬರೆದರು.

ತಳಿ ನೋಡಿ ಮಾಡುವ ಕಾನೂನು ಮೊದಲು ಎಡವುವುದು ಅಲ್ಲೇ. ನಾಯಿಯ ಹಣೆ ಮೇಲೆ ತಳಿ ಬರೆದಿರುವುದಿಲ್ಲ. ನಮ್ಮಲ್ಲಿ ಮಾರಾಟವಾಗುವ ಮರಿಗಳಲ್ಲಿ ಜಾಸ್ತಿ ಪಾಲಿಗೆ ಕಾಗದಪತ್ರವೇ ಇಲ್ಲ. ಕಣ್ಣಳತೆಯಲ್ಲಿ ಹೇಳಬೇಕು. ನಾಯಿಗಳ ಮಧ್ಯೆಯೇ ದಿನ ಕಳೆಯುವವರಿಗೂ ಅದು ಆಗುವುದಿಲ್ಲ. ಅಮೆರಿಕದ ಫ್ಲೋರಿಡಾದಲ್ಲಿ ನಾಯಿಧಾಮಗಳ ಸಿಬ್ಬಂದಿಗೆ 120 ನಾಯಿ ತೋರಿಸಿ ತಳಿ ಹೇಳಿಸಿದ ಒಂದು ಅಧ್ಯಯನ ಇದೆ. 62ನ್ನು ಪಿಟ್‌ಬುಲ್ ಜಾತಿ ಎಂದರು. ರಕ್ತ ತೆಗೆದು ಡಿಎನ್‌ಎ ನೋಡಿದಾಗ ಅಂಥವು ಸಿಕ್ಕಿದ್ದು 25. ಅಲ್ಲೇ ಹೀಗಾದರೆ ನಮ್ಮ ನಗರಸಭೆಯ ನೌಕರ ಗೇಟಿನ ಹೊರಗೆ ನಿಂತು ಏನು ಹೇಳಿಯಾನು?

ಇಂಗ್ಲೆಂಡಿನ ಮಾತು ತೆಗೆದಿದ್ದೀರಿ. ನನಗೂ ಅದೇ ಬೇಕಿತ್ತು.

ಅವರು 1991ರಲ್ಲಿ ಅಪಾಯಕಾರಿ ನಾಯಿಗಳ ಕಾಯ್ದೆ ತಂದರು. ಪಿಟ್‌ಬುಲ್ ಟೆರಿಯರ್, ಜಪಾನೀಸ್ ಟೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೇರೊ, ನಾಲ್ಕೇ ನಾಲ್ಕು. ಮರುವರ್ಷ ಲಂಡನ್ನಿನಲ್ಲಿ ಡೆಂಪ್ಸಿ ಅನ್ನೋ ಹೆಣ್ಣು ಪಿಟ್‌ಬುಲ್ ಸಿಕ್ಕಿಬಿತ್ತು. ಹುಷಾರಿಲ್ಲದೆ ವಾಂತಿ ಮಾಡಲು ಒದ್ದಾಡುತ್ತಿತ್ತು ಅಂತ ಕರೆದುಕೊಂಡು ಹೋದ ಹುಡುಗ ಅದರ ಬಾಯಿಕುಕ್ಕೆ ಬಿಚ್ಚಿದ್ದ. ಪೊಲೀಸರು ನೋಡಿದರು. ಯಾರಿಗೂ ಕಚ್ಚಿರಲಿಲ್ಲ. ಆದರೂ ಕೊಲ್ಲಬೇಕು ಎಂದು ಆದೇಶವಾಯಿತು. ಮೂರು ವರ್ಷ ಕೋರ್ಟು, ಮೇಲ್ಮನವಿ, ಅಷ್ಟೂ ದಿನ ನಾಯಿ ಗೂಡಿನಲ್ಲಿ. ಕೊನೆಗೆ 1995ರಲ್ಲಿ ಮಾಲೀಕಳಿಗೆ ವಿಚಾರಣೆಯ ಸುದ್ದಿಯನ್ನೇ ತಿಳಿಸಿರಲಿಲ್ಲ ಅನ್ನೋ ಕಾರಣಕ್ಕೆ ಬಿಟ್ಟರು. ಪೊಲೀಸರ ಅಷ್ಟೂ ಶ್ರಮ ಕಚ್ಚದ ಒಂದು ನಾಯಿಗೆ ಖರ್ಚಾಯಿತು.

ಕಚ್ಚಿದವುಗಳ ಕಥೆ ಬೇರೆ. ಕಾಯ್ದೆಗೆ 25 ವರ್ಷ ತುಂಬಿದಾಗ ಅಲ್ಲಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಲೆಕ್ಕ ಹಾಕಿತು. ಅಷ್ಟು ವರ್ಷಗಳಲ್ಲಿ ನಾಯಿ ದಾಳಿಯಿಂದ ಸತ್ತವರು 30 ಜನ. ಅದರಲ್ಲಿ 21 ಸಾವು ಪಟ್ಟಿಯಲ್ಲಿ ಇಲ್ಲದ ನಾಯಿಗಳಿಂದ. ಅದು ಪ್ರಾಣಿಗಳ ಪರ ಇರುವ ಸಂಸ್ಥೆ, ನಿಜ. ಆದರೆ ಸತ್ತವರ ಎಣಿಕೆಯಲ್ಲಿ ಪರ ವಿರೋಧ ಏನಿರುತ್ತೆ? ಆಮೇಲೆ ಪಿಟ್‌ಬುಲ್ ದಾಯಾದಿಯಂಥ ಎಕ್ಸ್‌ಎಲ್ ಬುಲ್ಲಿ ಬಂತು. ಅದು ಪಟ್ಟಿಯಲ್ಲಿ ಇರಲಿಲ್ಲವಲ್ಲ, ಬೇಕಾದವರು ಅದನ್ನೇ ಸಾಕಿದರು. ಸಾವುಗಳಾದವು. ಅದನ್ನೂ ಪಟ್ಟಿಗೆ ಸೇರಿಸಿ 2024ರ ಫೆಬ್ರುವರಿ 1ರಿಂದ ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ ಎಂದರು. ಯಾವುದು ಎಕ್ಸ್‌ಎಲ್ ಬುಲ್ಲಿ? ಗಂಡಾದರೆ ಭುಜದವರೆಗೆ 51 ಸೆಂಟಿಮೀಟರ್, ಹೆಣ್ಣಾದರೆ 48, ಜೊತೆಗೆ ತಲೆ ಹೀಗಿರಬೇಕು, ಎದೆ ಹೀಗಿರಬೇಕು. ಈಗ ಟೇಪು ಹಿಡಿದು ಅಳೆಯುತ್ತಿದ್ದಾರೆ. ಐವತ್ತು ಸೆಂಟಿಮೀಟರ್ ಇರುವ ಗಂಡು ನಾಯಿ ಕಚ್ಚುವುದಿಲ್ಲವೇ ಅಂತ ನೀವು ಕೇಳಬೇಕು ಮೇಷ್ಟ್ರೇ, ಗಣಿತ ಹೇಳಿದವರು. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿ, ಕಡಿತ ಕಡಿಮೆಯಾಗಲಿಲ್ಲ ಎಂದು 2008ರಲ್ಲಿ ಕೈಬಿಟ್ಟಿತು. ಇಟಲಿ ಒಂದು ಹಂತದಲ್ಲಿ 90ಕ್ಕೂ ಹೆಚ್ಚು ತಳಿಗಳ ಪಟ್ಟಿ ಮಾಡಿ, ಇಳಿಸುತ್ತಾ ಬಂದು, 2009ರಲ್ಲಿ ಪಟ್ಟಿಯನ್ನೇ ಎತ್ತಿಹಾಕಿತು.

ಹಾಗಂತ ನಾಯಿಪ್ರಿಯರ ಎಲ್ಲಾ ಮಾತಿಗೂ ನಾನು ತಲೆ ಆಡಿಸುವುದಿಲ್ಲ. ‘ನಮ್ಮ ಟೈಗರ್ ಮಗು ಇದ್ದ ಹಾಗೆ, ಏನೂ ಮಾಡಲ್ಲ’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. 45 ಕೆ.ಜಿ.ಯ ನಾಯಿ ಕಚ್ಚುವುದಕ್ಕೂ ಪೊಮೆರೇನಿಯನ್ ಕಚ್ಚುವುದಕ್ಕೂ ವ್ಯತ್ಯಾಸ ಇದೆ. ಒಂದಕ್ಕೆ ಡೆಟಾಲ್ ಸಾಕಾಗಬಹುದು, ಇನ್ನೊಂದಕ್ಕೆ ಆಪರೇಷನ್ ಥಿಯೇಟರ್ ಬೇಕು. 2022ರ ಜುಲೈನಲ್ಲಿ ಲಖನೌದಲ್ಲಿ 82 ವರ್ಷದ ಅಜ್ಜಿಯನ್ನು ಕೊಂದದ್ದು ಅವರ ಮನೆಯದೇ ಪಿಟ್‌ಬುಲ್. ಅದನ್ನು ಓದಿದ ರಾತ್ರಿ ನನಗೂ ನಿದ್ದೆ ಬರಲಿಲ್ಲ. ವಿದೇಶದಿಂದ ಇಂಥ ನಾಯಿ ತರಿಸುವುದಕ್ಕೆ, ದುಡ್ಡಿಗಾಗಿ ಮರಿ ಮಾಡಿಸುವುದಕ್ಕೆ ಬಿಗಿ ನಿಯಮ ಬಂದರೆ ನಾನು ಮೊದಲು ಸ್ವಾಗತಿಸುತ್ತೇನೆ. ದೈತ್ಯ ನಾಯಿ ಬೀದಿಗೆ ಬಂದಾಗ ಬಾಯಿಕುಕ್ಕೆ ಕಡ್ಡಾಯ ಎಂದರೂ ಸೈ. ಅದಕ್ಕೆ ತಳಿಯ ಹೆಸರು ಬೇಡ, ತೂಕ ಸಾಕು.

ಚೆನ್ನೈನದನ್ನು ನೋಡಿ. 2024ರ ಮೇನಲ್ಲಿ ಪಾಲಿಕೆಯ ಪಾರ್ಕಿನಲ್ಲಿ ಎರಡು ರಾಟ್‌ವೀಲರ್‌ಗಳು ಐದು ವರ್ಷದ ಹುಡುಗಿಯ ಮೇಲೆ ಬಿದ್ದವು. ನೀವು ಅದನ್ನೇ ಉದಾಹರಣೆ ಕೊಡಬಹುದು, ಕೊಡಿ. ಆದರೆ ಪಾರ್ಕಿಗೆ ಎರಡು ರಾಟ್‌ವೀಲರ್ ಬಂದಾಗ ಹಿಡಿದವರು ಯಾರೂ ಇರಲಿಲ್ಲ, ಬಾಯಿಗೆ ಕುಕ್ಕೆ ಇರಲಿಲ್ಲ. ಪೊಲೀಸರು ಹಿಡಿದದ್ದು ಮಾಲೀಕರನ್ನು. ಸರಿಯಾಗಿಯೇ ಹಿಡಿದರು.

ನಮ್ಮ ಹೈಕೋರ್ಟು ಹೇಳಿದ್ದೂ ಹೆಚ್ಚುಕಡಿಮೆ ಇದೇ ದಾರಿಯ ಮಾತು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2024ರ ಏಪ್ರಿಲ್ 10ರಂದು ಸುತ್ತೋಲೆ ರದ್ದು ಮಾಡಿದರು. ಸಂಬಂಧಪಟ್ಟವರನ್ನು ಕೇಳಿಲ್ಲ, ಪಟ್ಟಿ ಶಿಫಾರಸು ಮಾಡಿದ ಸಮಿತಿ ನಿಯಮದ ಪ್ರಕಾರ ಇರಲಿಲ್ಲ, ನಿಯಮ ತಿದ್ದದೆ ಬರೀ ಸುತ್ತೋಲೆಯಲ್ಲಿ ಇಂಥ ನಿಷೇಧ ತರಲು ಬರುವುದಿಲ್ಲ ಎಂದರು. ನಾಯಿ ಪಾಪದ್ದು, ಸುಮ್ನೆ ಬಿಟ್ಟುಬಿಡಿ ಅಂತ ಎಲ್ಲೂ ಹೇಳಲಿಲ್ಲ. ಎಲ್ಲರನ್ನೂ ಕೇಳಿ ಹೊಸದಾಗಿ ನಿಯಮ ಮಾಡಿ ಎಂದು ದಾರಿ ತೆರೆದೇ ಇಟ್ಟರು, ಮಾಲೀಕರ ಹೊಣೆಯನ್ನೂ ನೆನಪಿಸಿದರು. ಮುಂದಿನ ವಾರ ದಿಲ್ಲಿ ಹೈಕೋರ್ಟೂ ಅದನ್ನು ತೆಗೆದುಹಾಕಿತು. ಕೇಂದ್ರ ಮೇ ತಿಂಗಳಲ್ಲಿ ಜನರ ಅಭಿಪ್ರಾಯ ಕೇಳಿತು. ಮೊದಲೇ ಕೇಳಬೇಕಿತ್ತು, ಅಲ್ವಾ?

ಕರ್ನಾಟಕದಲ್ಲಿ 2024ರಲ್ಲಿ ವರದಿಯಾದ ನಾಯಿ ಕಡಿತ 3.6 ಲಕ್ಷಕ್ಕೂ ಹೆಚ್ಚು. ಹುಚ್ಚುನಾಯಿ ರೋಗದಿಂದ ಹತ್ತಾರು ಜನ ಸತ್ತರು. ಈ ಲೆಕ್ಕ ಮುಂದಿಟ್ಟುಕೊಂಡು 23 ವಿದೇಶಿ ನಾಯಿಗಳ ಪಟ್ಟಿ ಓದಿದರೆ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದು ನೆನಪಾಗುತ್ತದೆ.

ಯಾರೂ ಕೇಳದ ಒಂದು ವಿಷಯ ಹೇಳಬೇಕು. ನಾಯಿ ಮಾರಾಟಕ್ಕೆ 2017ರ ಕೇಂದ್ರ ನಿಯಮ ಈಗಲೂ ಇದೆ. ಮರಿ ಮಾಡಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ಎಂಟು ವಾರ ತುಂಬದ ಮರಿ ಮಾರಬಾರದು. ಈ ಎಂಟು ವಾರಕ್ಕೆ ಕಾರಣ ಇದೆ. ಮರಿಗಳು ಒಂದನ್ನೊಂದು ಕಚ್ಚಿ ಆಡುವುದನ್ನು ನೋಡಿದ್ದೀರಲ್ಲ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂದು ಆಟ ಬಿಟ್ಟು ಹೋಗುತ್ತೆ. ಎಷ್ಟು ಕಚ್ಚಿದರೆ ನೋವಾಗುತ್ತೆ ಅನ್ನೋ ಪಾಠ ಅಲ್ಲೇ ಆಗುವುದು, ತಾಯಿ ಪಕ್ಕದಲ್ಲಿ. ನಮ್ಮಲ್ಲಿ 30, 35 ದಿನದ ಮರಿಯನ್ನು ರಟ್ಟಿನ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ಒಂದನೇ ಕ್ಲಾಸು ಓದದ ಮಗುವನ್ನು ನೇರ ಎಸ್ಸೆಸ್ಸೆಲ್ಸಿಗೆ ಕೂರಿಸಿದ ಹಾಗೆ. ಆಮೇಲೆ ಆ ಮರಿ ದಿನವಿಡೀ ಪೋರ್ಟಿಕೊದಲ್ಲಿ ಸರಪಳಿಗೆ. ಅದಕ್ಕೆ ಬೀದಿ ಗೊತ್ತಿಲ್ಲ, ಮಕ್ಕಳು ಗೊತ್ತಿಲ್ಲ, ಸೈಕಲ್ ಗೊತ್ತಿಲ್ಲ. ನಿಮ್ಮ ಎದುರು ಮನೆಯವರು ಎಷ್ಟು ದಿನದ ಮರಿ ತಂದಿದ್ದರು ಅಂತ ಒಮ್ಮೆ ಕೇಳಿ ನೋಡಿ. ತಳಿಗಿಂತ ಆ ಉತ್ತರ ನಿಮಗೆ ಜಾಸ್ತಿ ಹೇಳುತ್ತೆ.

ಇನ್ನು ನಿಮ್ಮ ಗೇಟಿನ ವಿಚಾರ. ಪಟ್ಟಿ ಉಳಿದಿದ್ದರೂ ನಿಮ್ಮ ಎದುರಿನ ನಾಯಿ ಅಲ್ಲೇ ಇರುತ್ತಿತ್ತು. ಆಪರೇಷನ್ ಮಾಡಿಸಿಕೊಂಡು, ಅದೇ ಕಲ್ಲು ತಳ್ಳಿಕೊಂಡು ಬರುತ್ತಿತ್ತು. ನಿಮಗೆ ಬೇಕಾದದ್ದು ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು. ಹಳೇ ಐಪಿಸಿಯಲ್ಲಿ 289 ಇತ್ತು. ತನ್ನ ಪ್ರಾಣಿಯಿಂದ ಜನರ ಜೀವಕ್ಕೆ ಕುತ್ತು ಬರಬಹುದು, ದೊಡ್ಡ ಗಾಯ ಆಗಬಹುದು ಅನ್ನುವಾಗಲೂ ಅದನ್ನು ತಡೆಯುವಷ್ಟು ಎಚ್ಚರ ವಹಿಸದಿದ್ದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಕಚ್ಚಲೇಬೇಕು ಅಂತ ಅದರಲ್ಲಿಲ್ಲ. ಕಚ್ಚುವವರೆಗೂ ಕಾಯಬೇಕಿಲ್ಲ.

ಮೊದಲು ಹೋಗಿ ಮಾತಾಡಿ. ಮೊಮ್ಮಗಳನ್ನೂ ಕರೆದುಕೊಂಡು ಹೋಗಿ, ಅವಳೇ ಹೇಳಲಿ. ಒಂದು ವಾರ ನೋಡಿ. ಕಲ್ಲು ಅಲ್ಲೇ ಇದ್ದರೆ ಗೇಟಿನ ಫೋಟೊ ತೆಗೆದು, ನಾಯಿ ಹೊರಗೆ ಬಂದ ಎರಡು ತಾರೀಖು ಬರೆದು, ಠಾಣೆಗೆ ಒಂದು ಪ್ರತಿ, ಪಾಲಿಕೆಗೆ ಒಂದು ಪ್ರತಿ ಕೊಡಿ. ಎರಡಕ್ಕೂ ಸೀಲ್ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಅನ್ನುವಂತೆ ಅವರು ಇವರ ಮೇಲೆ, ಇವರು ಅವರ ಮೇಲೆ ಹಾಕಿ ನಿಮ್ಮನ್ನು ಓಡಾಡಿಸುತ್ತಾರೆ. ಮಗುವಿಗೂ ಹೇಳಿಕೊಡಿ: ನಾಯಿ ಎದುರು ಬಂದರೆ ಓಡಬಾರದು, ಸೈಕಲ್ಲನ್ನು ನಡುವೆ ಹಿಡಿದು ಅಲುಗಾಡದೆ ನಿಲ್ಲಬೇಕು, ಅದರ ಕಣ್ಣು ದಿಟ್ಟಿಸಬಾರದು. ಯಾವ ನಾಯಿ ಕಚ್ಚಿದರೂ, ಪರಚಿದರೂ ಮೊದಲು ಸೋಪು ಹಾಕಿ ನಲ್ಲಿ ಕೆಳಗೆ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಈಗ ಹೊಕ್ಕುಳಿಗೆ ಚುಚ್ಚುವುದಿಲ್ಲ, ತೋಳಿಗೇ ಕೊಡುತ್ತಾರೆ ಅಂತಲೂ ಹೇಳಿ.

ಚಿಲಕ ಹಾಕಿಸಿದರೋ ಇಲ್ಲವೋ ತಿಳಿಸಿ. ಈ ಸಲ ಮಡಿಕೆಯ ಮೇಲೆ ಬರೆಯಬೇಡಿ, ಬೈಗುಳವನ್ನೂ ಪೂರ್ತಿ ಓದಬೇಕು ನನಗೆ.

– ಸಂಪಾದಕ