ಸಿನಿಮಾ ಮನೆತನದ ಹುಡುಗಿ ಮೊದಲ ಚಿತ್ರ ಮನೆ ಬ್ಯಾನರ್‌ನಲ್ಲೇ ಮಾಡಬೇಕಾ?

ಅಮ್ಮ ನಟಿ, ಮಾವ ನಿರ್ಮಾಪಕ, ಮೊದಲ ಸಿನಿಮಾ ಮಾವನ ಬ್ಯಾನರ್‌ನಲ್ಲಿ ಮಾಡಲಾ ಹೊರಗಿನವರ ಹತ್ತಿರ ಹೋಗಲಾ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ಚರ್ಚೆ ನಡೆದಿತ್ತು. ಅಜ್ಜಿ ಕಂಪನಿ ನಾಟಕದವರು, ಅಪ್ಪ ಪೋಷಕ ನಟ, ಚಿಕ್ಕಪ್ಪ ಪ್ರೊಡಕ್ಷನ್ ಮ್ಯಾನೇಜರ್. ಸಲಹೆಗೇನು ಬರ?

ನಾನು ಹೊರಗಿನವರ ಸಿನಿಮಾ ಒಪ್ಪಿಕೊಂಡೆ. ಹೊರಗಿನವರು ಅಂದರೂ ಅಪ್ಪನ ಪರಿಚಯದವರೇ. ಗಾಂಧಿನಗರದಲ್ಲಿ ಪೂರ್ತಿ ಹೊರಗಿನವರು ಅಂತ ಯಾರಿರುತ್ತಾರೆ ಹೇಳಿ. ಕಥೆ ಕೇಳಿದ್ದು ಅಪ್ಪ, ಸಂಭಾವನೆ ಮಾತಾಡಿದ್ದು ಚಿಕ್ಕಪ್ಪ. ಅವರು ಮಾತಾಡುವಾಗ ನಾನು ಕಾಫಿ ತಂದುಕೊಟ್ಟು ಒಳಗೆ ಹೋದೆ. ಶೂಟಿಂಗ್ ಚೆನ್ನಾಗಿಯೇ ಆಯಿತು.

ಕೆಟ್ಟದ್ದು ಡಬ್ಬಿಂಗ್‌ನಲ್ಲಿ. ಇದನ್ನು ಬಿಡಿಸಿಯೇ ಹೇಳಬೇಕು. ನಮ್ಮ ಎಷ್ಟೋ ಸಿನಿಮಾಗಳಲ್ಲಿ ಸೆಟ್‌ನಲ್ಲಿ ಆಡಿದ ಮಾತು ತೆರೆಗೆ ಬರುವುದಿಲ್ಲ. ಅದು ಪೈಲಟ್ ಟ್ರ್ಯಾಕ್, ಬರೀ ಗುರುತಿಗೆ. ಎಡಿಟಿಂಗ್ ಆದಮೇಲೆ ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕಿಕೊಂಡು, ಪರದೆಯ ಮೇಲೆ ನಿಮ್ಮದೇ ತುಟಿ ನೋಡುತ್ತಾ ಅದೇ ಮಾತು ಮತ್ತೆ ಆಡಬೇಕು. ಅಳುವ ದೃಶ್ಯ ಇದ್ದರೆ ಎ.ಸಿ. ರೂಮಿನಲ್ಲಿ ಮೈಕ್ ಮುಂದೆ ಒಬ್ಬಳೇ ನಿಂತು ಅಳಬೇಕು. ನನ್ನ ದನಿ ಅಜ್ಜಿಯದು, ದಪ್ಪ. ಟೆಸ್ಟ್‌ಗೆ ಒಂದು ಸೀನ್ ಕೊಟ್ಟರು. ಪರದೆಯಲ್ಲಿ ತುಟಿ ಮುಚ್ಚಿದ ಮೇಲೂ ನನ್ನ ಕೊನೆಯ ಅಕ್ಷರ ಎಳೆದುಕೊಂಡು ಬರುತ್ತಿತ್ತು. ಹೀರೋಯಿನ್‌ಗೆ ತೆಳು ದನಿ ಬೇಕು, ಬೇರೆಯವರಿಂದ ಮಾಡಿಸೋಣ ಅಂದರು ನಿರ್ದೇಶಕರು. ಪರಿಚಯದವರು, ಜಗಳ ಬೇಡ ಅಂದರು ಅಪ್ಪ. ಅದೇ ವಾರ ಎರಡನೇ ಚಿತ್ರದ ಹಾಡಿನ ಶೂಟಿಂಗ್ ಬಂತು. ನಾನು ಸುಮ್ನೆ ತಲೆಯಾಡಿಸಿ ಅದಕ್ಕೆ ಡೇಟ್ಸ್ ಕೊಟ್ಟುಬಿಟ್ಟೆ.

ಅಲ್ಲೇ ಎಡವಿದ್ದು. ತುಟಿಗೆ ಮಾತು ಕೂರಿಸುವುದು ಅಭ್ಯಾಸದಿಂದ ಬರುತ್ತದೆ, ಎಲ್ಲರಿಗೂ ಮೊದಮೊದಲು ತಪ್ಪುತ್ತದೆ. ಪಟ್ಟು ಹಿಡಿದು ಕೂತಿದ್ದರೆ ನನಗೂ ಬರುತ್ತಿತ್ತು. ಹಟ ಮಾಡೋಣ ಅಂದರೆ ಅಗ್ರಿಮೆಂಟ್‌ನಲ್ಲಿ ಡಬ್ಬಿಂಗ್ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಾಗೊಂದು ಸಾಲು ಹಾಕಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ.

ಸಿನಿಮಾ ಓಡಿತು. ಜನಕ್ಕೆ ಆ ತೆಳು ದನಿಯೇ ನನ್ನ ದನಿ ಅಂತಾಯಿತು. ಎರಡನೇ ನಿರ್ಮಾಪಕರೂ ಅದೇ ಡಬ್ಬಿಂಗ್ ಕಲಾವಿದೆಯನ್ನು ಕರೆಸಿದರು. ಆಮೇಲೆ ಸಿಂಕ್ ಸೌಂಡ್ ಚಿತ್ರವೊಂದರ ಆಡಿಷನ್‌ಗೆ ಹೋದೆ, ಅಲ್ಲಿ ಸೆಟ್‌ನಲ್ಲೇ ಮಾತು ರೆಕಾರ್ಡ್ ಮಾಡುತ್ತಾರೆ. ನಾನು ಬಾಯಿ ಬಿಟ್ಟ ಕೂಡಲೇ ಅವರೆಲ್ಲ ಮುಖ ಮುಖ ನೋಡಿಕೊಂಡರು. ಪಾತ್ರ ಕೈ ತಪ್ಪಿತು. ಈಗಲೂ ಹೊಟ್ಟೆ ಉರಿಯುತ್ತದೆ.

ದಪ್ಪ ದನಿ ನಾಯಕಿಗೆ ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರದು ರಂಗದ ಮೇಲೆ ಪಳಗಿದ ಗಟ್ಟಿ ದನಿ ಅಲ್ವಾ? ಮಾಧವಿಯಂಥ ನಾಯಕಿಗೆ ಕನ್ನಡದಲ್ಲಿ ದನಿ ಕೊಟ್ಟವರು ಅವರೇ.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ಅರ್ಜುನ್ ಸರ್ಜಾ ಮಗಳು ಐಶ್ವರ್ಯಾ 2013ರಲ್ಲಿ ತಮಿಳಿನಲ್ಲಿ ಬೇರೆಯವರ ಚಿತ್ರದಿಂದ ಶುರು ಮಾಡಿ, 2018ರಲ್ಲಿ ಅಪ್ಪನೇ ನಿರ್ದೇಶಿಸಿದ 'ಪ್ರೇಮ ಬರಹ'ದಿಂದ ಕನ್ನಡಕ್ಕೆ ಬಂದರು. ಮಾಲಾಶ್ರೀ ಮಗಳು 2023ರಲ್ಲಿ 'ಕಾಟೇರ'ದಿಂದ ಬಂದರು, ಅದು ರಾಕ್‌ಲೈನ್ ವೆಂಕಟೇಶ್ ನಿರ್ಮಾಣ. ಯಾರ ಬ್ಯಾನರ್ ಅನ್ನುವುದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಪಾತ್ರಕ್ಕೆ ನಾನೇ ಡಬ್ ಮಾಡುತ್ತೇನೆ ಅಂತ ಅಗ್ರಿಮೆಂಟ್‌ನಲ್ಲಿ ಬರೆಸಿ. ಮಾವನ ಹತ್ತಿರ ಅದನ್ನು ಕೇಳೋಕೆ ಮುಜುಗರ ಅನಿಸಿದರೆ ಮಾವನ ಬ್ಯಾನರ್ ಬೇಡವೇ ಬೇಡ. ಶೂಟಿಂಗ್‌ಗೆ ಮೊದಲೇ ಯಾರಾದರೂ ಅನುಭವಿ ಡಬ್ಬಿಂಗ್ ಕಲಾವಿದರ ಪಕ್ಕ ಕೂತು ಕಲಿಯಿರಿ, ಡ್ಯಾನ್ಸ್ ಕ್ಲಾಸ್‌ಗಿಂತ ಇದು ಜಾಸ್ತಿ ಮುಖ್ಯ. ಮತ್ತೆ ಡಬ್ಬಿಂಗ್ ಮುಗಿಯುವ ತನಕ ಎರಡನೇ ಚಿತ್ರಕ್ಕೆ ಡೇಟ್ಸ್ ಕೊಡಬೇಡಿ, ಅಡ್ವಾನ್ಸ್ ಎಷ್ಟೇ ಬರಲಿ.